ಖಾಲಿ ಗಾಡಿಯ ಎತ್ತರ

ಈಗಲೂ ದಾರಿಯಲ್ಲಿ ಯಾವುದಾದರೂ ಪಿಕಪ್ ಗಾಡಿ ಟ್ರೇಲರ್ ಎಳೆದುಕೊಂಡು ಹೋಗುತ್ತಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಕೊಕ್ಕೆಯ ಮೇಲೆ. ಆಮೇಲೆ ಹಿಂದಿನ ಅಚ್ಚಿಗೂ ಅದರ ಮೇಲೆ ಚಾಸಿಗೆ ಅಂಟಿಕೊಂಡಿರುವ ರಬ್ಬರ್ ಗಟ್ಟಿಗೂ ನಡುವೆ ಎಷ್ಟು ಬೆರಳು ಜಾಗವಿದೆ ಎಂದು ಬಗ್ಗಿ ನೋಡುತ್ತೇನೆ. ನಾಲ್ಕು ಬೆರಳಿದ್ದರೆ ಸಮಾಧಾನ. ಎರಡೇ ಇದ್ದರೆ, ನಾನು ಬಸ್ಸಿನ ಸೀಟಿನಲ್ಲಿ ಕುಳಿತಿದ್ದರೂ ಸರಿ, ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ಒತ್ತುತ್ತದೆ. ಒತ್ತಿದ ಕೂಡಲೇ ತಲೆಯ ಮೇಲೆ ತಗಡು ಬಡಿದ ಸದ್ದು, ಅದರ ಹಿಂದೆಯೇ ಒಂದು ದನಿ: "ಬ್ರೇಕ್ ಮಿದಿಕ್ಕಾದೆ! ಮಿದಿಕ್ಕಾದೆ!" ತುಳಿಯಬೇಡ, ತುಳಿಯಬೇಡ ಎಂದು.

ಬೆರಳಿನಲ್ಲಿ ಅಳೆಯುವುದನ್ನು ನನಗೆ ಕಲಿಸಿದವರೂ ಆ ದನಿಯವರೇ. ಕಳೆದ ತಿಂಗಳು ಅವರು ತೀರಿಕೊಂಡರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೆಯೇ ಅನ್ನುತ್ತೇನೆ. ಹೆಸರನ್ನು ಬರೆಯುವುದಿಲ್ಲ. ಅವರ ಹೆಸರನ್ನು ನಾನು ಒಂದು ಸಲ, ಹೇಳಬಾರದ ಕಡೆ ಹೇಳಿದ್ದೇನೆ. ಅಷ್ಟು ಸಾಕು.

ತಮಿಳು ಸೀಮೆಯ ತುಡಿಯಲೂರಿನ ಮುಖ್ಯರಸ್ತೆಯಿಂದ ಒಳಗೆ ಎರಡು ಮೈಲಿ ಹೋದರೆ ಒಂದು ನೇಕಾರರ ಬೀದಿ ಸಿಗುತ್ತದೆ. ಅದರ ಕೊನೆಯ ಮನೆಯ ಮುಂಭಾಗವೇ ಅವರ ಕಾರ್ಖಾನೆ. ಕಾರ್ಖಾನೆ ಎಂದರೆ ಮೇಲೆ ತಗಡು, ಒಂದು ಕುಲುಮೆ, ಕಬ್ಬಿಣ ತಟ್ಟುವ ಒಂದು ಅಡಿಗಲ್ಲು, ಗೋಡೆಗೆ ಒರಗಿಸಿದ ಹಳೆಯ ಸ್ಪ್ರಿಂಗ್ ಪಟ್ಟೆಗಳ ಸಾಲು. ಲಾರಿ, ವ್ಯಾನು, ಪಿಕಪ್ಪುಗಳ ಹಿಂದಿನ ಚಕ್ರದ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟೆಗಳು ಒಂದರ ಮೇಲೊಂದು ಜೋಡಿಸಿರುತ್ತವಲ್ಲ, ಅವುಗಳನ್ನು ಬಿಚ್ಚಿ ತಟ್ಟಿ ಬಾಗಿಸಿ ಕೂಡಿಸುವುದು ಅವರ ಕಸುಬು. ಪಟ್ಟೆಯ ಬಾಗು ಹೆಚ್ಚಿಸಿದರೆ ಗಾಡಿ ಏಳುತ್ತದೆ, ತಟ್ಟಿ ಚಪ್ಪಟೆ ಮಾಡಿದರೆ ಇಳಿಯುತ್ತದೆ. ನೋಡಲು ಇಷ್ಟೇ ಕೆಲಸ.

ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ಅಲ್ಲೊಂದು ಗುಂಡಿ ಇತ್ತು. ಮೊದಲ ದಿನ ನಾನು ಅದರ ಒಂದು ಬದಿಯಲ್ಲಿ ಕಲ್ಲಿನ ಮೆಟ್ಟಿಲಿನಂಥದ್ದು ಸವೆದು ನುಣುಪಾಗಿರುವುದನ್ನು ಕಂಡು, ಇದೇನು ಎಂದು ಕೇಳಿದೆ.

"ಅಪ್ಪ ಕೂತ್ಕೋತಿದ್ದ ಜಾಗ," ಎಂದರು. "ಇದು ಮಗ್ಗದ ಗುಂಡಿ ತಂಬಿ. ಅಪ್ಪ ಇದ್ರೊಳಗೆ ಕಾಲು ಇಳಿಬಿಟ್ಟು ಸೀರೆ ನೇಯ್ತಿದ್ರು. ಮಗ್ಗ ಹೋಯ್ತು. ಗುಂಡಿ ಯಾಕ್ ಮುಚ್ಬೇಕು? ಇನ್ನೂ ಆರಡಿ ಉದ್ದ ಮಾಡ್ದೆ. ಅವ್ರು ಕಾಲು ಮಾತ್ರ ಇಟ್ರು, ನಾನು ಮೈಯೆಲ್ಲಾ ಇಟ್ಟೆ."

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಎಷ್ಟು ತಲೆಮಾರಿನ ಹಿಂದೆ ಅವರ ಹಿರಿಯರು ಆ ಕಡೆಗೆ ಬಂದರೆಂದು ಅವರಿಗೂ ತಿಳಿದಿರಲಿಲ್ಲ. ಅವರ ಕನ್ನಡದಲ್ಲಿ ಗಾಡಿ 'ವಂಡಿ'ಯಾಗಿತ್ತು, ಲೆಕ್ಕ 'ಕಣಕ್ಕು' ಆಗಿತ್ತು, ಮಾತಿನ ಕೊನೆಯಲ್ಲಿ ತಮಿಳಿನ ಎಳೆತವಿತ್ತು. ನಾನು ತಿಪಟೂರಿನ ಕಡೆಯವನು. ಇಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಕೆಲಸಕ್ಕೆ ಹೋಗಿ ಏಳೆಂಟು ತಿಂಗಳಾಗಿತ್ತು. ನನ್ನ ಹರಕು ತಮಿಳು ಕೇಳಿ ಅವರು ಒಂದು ಕ್ಷಣ ದಿಟ್ಟಿಸಿ, "ಅದ್ಯಾಕೆ ಕಷ್ಟ ಪಡ್ತೀರಿ, ಮನೆ ಮಾತಲ್ಲೇ ಹೇಳಿ" ಅಂದಾಗ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಒಳಗಿನಿಂದ ಅವರ ಹೆಂಡತಿ ಬಂದು ನನ್ನ ಮಾತನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಗಂಡನಿಗೆ ಹೇಳಿದರು: "ರೇಡಿಯೋದಲ್ಲಿ ಮಾತಾಡ್ದಂಗೆ ಮಾತಾಡ್ತಾರೆ."

"ಅವ್ರದ್ದು ಅಚ್ಚು ಹಾಕಿದ ಕನ್ನಡ ಕಣೆ. ನಮ್ದು ಒಗ್ದು ಒಗ್ದು ಬಣ್ಣ ಬಿಟ್ಟದ್ದು," ಎಂದು ಅವರು ನಕ್ಕರು.

ನಮ್ಮದು ಜನರೇಟರ್ ಬಾಡಿಗೆಗೆ ಕೊಡುವ ಸಣ್ಣ ಕಂಪನಿ. ಎರಡು ಸಾವಿರದ ಎಂಟರ ಆಸುಪಾಸು. ಕರೆಂಟು ಹೋದರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ತಿರುಪ್ಪೂರು, ಅವಿನಾಶಿ ಕಡೆಯ ಬನಿಯನ್ ಕಾರ್ಖಾನೆಯವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಜನರೇಟರುಗಳನ್ನು ಟ್ರೇಲರಿನ ಮೇಲೆ ಕೂಡಿಸಿ, ಪಿಕಪ್ಪಿಗೆ ಸಿಕ್ಕಿಸಿ ಎಳೆದುಕೊಂಡು ಹೋಗಿ ಅವರ ಅಂಗಳದಲ್ಲಿ ನಿಲ್ಲಿಸುವುದು ನಮ್ಮ ಕೆಲಸ. ಯಾವುದನ್ನು ಎಲ್ಲಿಗೆ ಕಳಿಸುವುದು, ಗಾಡಿಗಳು ಸರಿಯಿವೆಯೇ ಎಂದು ನೋಡುವುದು ನನ್ನ ಪಾಲಿಗೆ ಬಂದಿತ್ತು.

ಮೇಸ್ತ್ರಿಯವರ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ಅವರು ಖಾಲಿ ಗಾಡಿಯನ್ನು ಅಳೆಯುತ್ತಿರಲಿಲ್ಲ. ಯಾರೇ ಬರಲಿ, "ದಿನಾ ಎಷ್ಟು ಬಾರ ಹೊರ್ತದೋ ಅಷ್ಟು ಹೊರ್ಸ್ಕೊಂಡು ಬನ್ನಿ" ಎಂದು ವಾಪಸ್ಸು ಕಳಿಸುತ್ತಿದ್ದರು. ಭಾರ ತರಲಾರದವರಿಗೆ ಅವರ ಬಳಿ ಮರಳಿನ ಮೂಟೆಗಳಿದ್ದವು. ಅದೂ ಸಾಲದಿದ್ದರೆ ಬೀದಿಯನ್ನೇ ಕರೆಯುತ್ತಿದ್ದರು. ಒಂದು ಸಂಜೆ ನಾನೇ ನೋಡಿದ್ದೇನೆ. ತರಕಾರಿ ಸಾಗಿಸುವ ವ್ಯಾನೊಂದು ಬಂದಿತ್ತು. ಮಿಲ್ಲಿನಿಂದ ಮನೆಗೆ ಹೋಗುತ್ತಿದ್ದ ನಾಲ್ಕೈದು ಹೆಂಗಸರನ್ನು, ಟೀ ಅಂಗಡಿಯ ಬೆಂಚಿನಲ್ಲಿದ್ದ ಗಂಡಸರನ್ನು ಎಲ್ಲ ಹತ್ತಿಸಿದರು.

"ಅಕ್ಕಾ, ನೀವು ಹಿಂದೆ ಬನ್ನಿ, ಹಿಂದೆ. ನೀವೊಬ್ರು ಎರಡು ಮೂಟೆ ಸಮ."

"ನಿನ್ ನಾಲಿಗೆ ತೂಕ ಹಾಕು ಮೊದ್ಲು. ಅದೇ ಮೂರು ಮೂಟೆ ಬರ್ತದೆ," ಎಂದು ಆ ಹೆಂಗಸು ಸೀರೆ ಎತ್ತಿ ಕಟ್ಟಿ ಹತ್ತಿದಳು.

ಎಲ್ಲರೂ ಹತ್ತಿ ಕುಳಿತ ಮೇಲೆ ಅವರು ಜೇಬಿನಿಂದ ಒಂದು ನೂಲಿನ ಉಂಡೆ ತೆಗೆದರು. ಮುಂದಿನ ಚಕ್ರದ ಕಮಾನಿನಿಂದ ಹಿಂದಿನ ಚಕ್ರದ ಕಮಾನಿಗೆ ನೂಲನ್ನು ಎಳೆದು ಹಿಡಿದು, ಕಣ್ಣು ಕಿರಿದು ಮಾಡಿ, ಮಗ್ಗದ ಮೇಲೆ ಹಾಸು ನೋಡುವಂತೆ ನೋಡಿದರು. ಆಮೇಲೆ ಗುಂಡಿಗಿಳಿದು ಅಚ್ಚಿಗೂ ರಬ್ಬರ್ ಗಟ್ಟಿಗೂ ನಡುವೆ ಬೆರಳು ತೂರಿಸಿದರು. "ನಾಲ್ಕು. ಸಾಕು. ಎಲ್ರೂ ಇಳೀರಿ. ಟೀ ಕುಡ್ದು ಹೋಗಿ." ವ್ಯಾನಿನವನು ಗಾಡಿಯ ಹಿಂಭಾಗ ಎತ್ತರವಾಗಿದೆ, ಇಳಿಸಿಕೊಡಿ ಎಂದು ಬಂದಿದ್ದ. ಒಂದು ಪಟ್ಟೆಯನ್ನೂ ಮುಟ್ಟದೆ ಅವನನ್ನು ಕಳಿಸಿಬಿಟ್ಟರು. ಟೀಯ ಖರ್ಚು ಅವರದೇ.

"ಖಾಲಿ ವಂಡಿ ಪೊಯ್ ಹೇಳ್ತದೆ ತಂಬಿ," ಎಂದರು ನನ್ನ ಕಡೆ ತಿರುಗಿ. ಸುಳ್ಳು ಹೇಳುತ್ತದೆ ಎಂದು. "ಬಾರ ಬಿದ್ಮೇಲೆ ಅದ್ರ ಬಾಯಿಂದ ನಿಜ ಬರ್ತದೆ."

ಇನ್ನೊಂದು ಪದ್ಧತಿ: ತಾವು ಪಟ್ಟೆ ಮುಟ್ಟಿದ ಯಾವ ಗಾಡಿಯೇ ಆಗಲಿ, ಮೊದಲ ಸಲ ಭಾರ ಹೊತ್ತು ಹೊರಟಾಗ ಅವರು ಹಿಂದೆ ಹತ್ತಿ ಕೂರುತ್ತಿದ್ದರು. ಮುಂದಕ್ಕೆ ಬೆನ್ನು ಮಾಡಿ, ಹಿಂದಿನ ರಸ್ತೆ ನೋಡುತ್ತಾ, ಒಂದು ಕೈ ಪಕ್ಕದ ತಗಡಿನ ಮೇಲೆ. ಗಾಡಿ ಎಲ್ಲಿಗೆ ಹೋದರೆ ಅಲ್ಲಿಗೆ. ಒಮ್ಮೆ ಚಹಾ ಎಸ್ಟೇಟಿನ ಗಾಡಿಯ ಜೊತೆ ವಾಲ್ಪಾರೈವರೆಗೂ ಹೋಗಿ, ಮಾರನೆಯ ದಿನ ಬಸ್ಸಿನಲ್ಲಿ ಇಳಿದು ಬಂದಿದ್ದರಂತೆ. ಹೆಂಡತಿ ಬೈದದ್ದಕ್ಕೆ, "ನಾನು ತಟ್ಟಿದ ಪಟ್ಟೆ ಘಾಟಲ್ಲಿ ಏನ್ ಹೇಳ್ತದೆ ಅಂತ ನಾನೇ ಕೇಳ್ಬೇಡ್ವಾ?" ಎಂದರಂತೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಮಾಡಿದೆ. ಇದನ್ನು ಬರೆಯುವಾಗ ಪೆನ್ನು ನಿಲ್ಲುತ್ತದೆ.

ಹೊಸದೊಂದು ಟ್ರೇಲರ್ ಬಂದಿತ್ತು. ಅದರ ಎಳೆಯುವ ದಂಡಿಗೆ ತಗ್ಗು, ನಮ್ಮ ಪಿಕಪ್ಪಿನ ಕೊಕ್ಕೆ ಎತ್ತರ. ಕಂಪನಿಯ ಅಂಗಳದಲ್ಲಿ ಖಾಲಿ ಪಿಕಪ್ಪನ್ನು ಅದರ ಮುಂದೆ ನಿಲ್ಲಿಸಿ ಟೇಪು ಹಿಡಿದೆ. ಮೂರು ಇಂಚು ವ್ಯತ್ಯಾಸ. ಹಾಗೆಯೇ ಸಿಕ್ಕಿಸಿದರೆ ಟ್ರೇಲರ್ ಮೂತಿ ಎತ್ತಿಕೊಂಡು ನಿಲ್ಲುತ್ತದೆ, ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ, ಓಡುವಾಗ ಬಾಲ ಬೀಸುತ್ತದೆ. ಇದು ಪುಸ್ತಕದ ಮಾತು, ಸರಿಯಾದ ಮಾತು. ಪಿಕಪ್ಪಿನ ಹಿಂಭಾಗವನ್ನು ಮೂರು ಇಂಚು ತಗ್ಗಿಸಿದರೆ ಎರಡೂ ಸಮವಾಗುತ್ತವೆ. ಕಾಗದದ ಮೇಲೆ ಗೆರೆ ಎಳೆದು ಕೋನ ಹಾಕಿ ಮಾಲೀಕರಿಗೆ ತೋರಿಸಿದೆ. ಅವರು ಚಿತ್ರ ನೋಡಿ ತಲೆಯಾಡಿಸಿ, "ನಾಳೆ ಮಧ್ಯಾಹ್ನ ಅವಿನಾಶಿಯಲ್ಲಿ ಇರಬೇಕು" ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆಯೇ ಪಿಕಪ್ಪನ್ನು ಮೇಸ್ತ್ರಿಯವರ ಬಳಿಗೆ ತೆಗೆದುಕೊಂಡು ಹೋದೆ. ಅವರು ಗಾಡಿಯನ್ನು ನೋಡಲೇ ಇಲ್ಲ, ಅದರ ಹಿಂದೆ ನೋಡಿದರು.

"ಟ್ರೇಲರ್ ಎಲ್ಲಿ?"

"ಅಂಗಳದಲ್ಲಿದೆ. ಜನರೇಟರ್ ಕೂಡಿಸ್ತಾ ಇದ್ದಾರೆ."

"ಅದನ್ನೂ ತನ್ನಿ. ಡೀಸೆಲ್ ಬ್ಯಾರಲ್ಲೂ ಹಾಕ್ಕೊಂಡು ಬನ್ನಿ. ನೋಡಾಣ."

"ಟೈಮಿಲ್ಲ ಮೇಸ್ತ್ರಿ. ಲೆಕ್ಕ ಹಾಕಿದ್ದೀನಿ. ಮೂರು ಇಂಚು ಇಳಿಸಿಕೊಟ್ಟರೆ ಸಾಕು."

"ಟ್ರೇಲರ್ ಮೂತಿ ಕೊಕ್ಕೆ ಮೇಲೆ ಕೂತಾಗ ಹಿಂದೆ ತಾನಾಗೇ ಇಳೀತದೆ. ಅದೆಷ್ಟು ಇಳೀತದೆ ಅಂತ ನೋಡಿ, ಮಿಕ್ಕಿದ್ದಕ್ಕೆ ಕೊಕ್ಕೆ ಕೊಯ್ದು ತಗ್ಸಾಣ. ವಂಡಿ ಯಾಕೆ ತಗ್ಸ್ಬೇಕು? ವಂಡಿ ಏನ್ ತಪ್ಪು ಮಾಡ್ತು?"

ಕೊಕ್ಕೆ ಕೊಯ್ದು ಬೆಸೆಯಬೇಕೆಂದರೆ ಒಂದು ದಿನ. ನನ್ನ ಬಳಿ ಒಂದು ದಿನ ಇರಲಿಲ್ಲ. ಇದು ಆಮೇಲೆ ನನಗೆ ನಾನೇ ಕೊಟ್ಟುಕೊಂಡ ಕಾರಣ. ಒಳಗಿನ ಕಾರಣ ಬೇರೆ: ಮಾಲೀಕರ ಮುಂದೆ ಎಳೆದ ಗೆರೆಯನ್ನು ಅಳಿಸಲು ನನಗೆ ಮನಸ್ಸಿರಲಿಲ್ಲ. ನಾನು ಓದಿದವನು. ಮಗ್ಗದ ಗುಂಡಿಯಲ್ಲಿ ನಿಂತವರು ನನ್ನ ಕೋನವನ್ನು ತಿದ್ದುವುದೇ?

"ಮಾಡಾದಿಲ್ಲ ತಂಬಿ," ಎಂದರು ಅವರು. ಸಿಟ್ಟಿನಿಂದಲ್ಲ. ಹೋಟೆಲಿನವನು ಇಡ್ಲಿ ಮುಗಿದಿದೆ ಎನ್ನುವಂತೆ.

ಆಗ ನಾನು ಹೇಳಿದೆ: "ನಮ್ಮವರು ಅಂತ ನಿಮ್ಮ ಹತ್ರ ಬಂದೆ. ಈ ಊರಲ್ಲಿ ನನ್ನ ಮಾತು ಅರ್ಥ ಆಗೋರು ನೀವೊಬ್ಬರೇ. ನೀವೇ ಹೀಗಂದ್ರೆ ಹೇಗೆ?"

ಆ ಮಾತು ಎಲ್ಲಿ ಹೋಗಿ ತಾಗುತ್ತದೆಂದು ನನಗೆ ತಿಳಿದಿತ್ತು. ತಿಳಿದೇ ಎಸೆದದ್ದು. ಅವರು ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಕೈ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು. ಅವರ ಗಟ್ಟಿತನವನ್ನು ಮುರಿಯಲು ಇನ್ನು ಸ್ವಲ್ಪ ಸಾಕು ಎಂದುಕೊಂಡು, ನಾನು ಜೇಬಿನ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದೆ. ಕನ್ನಡದಲ್ಲಿಯೇ ಬರೆದೆ. ಅವರಿಗೆ ಮರ್ಯಾದೆ ಕೊಡುತ್ತಿದ್ದೇನೆ ಎಂಬ ಭ್ರಮೆ ನನಗೆ. ಕೆಳಗೆ ಸಹಿ ಹಾಕಿ ಕೊಟ್ಟೆ.

ಅವರು ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಓದುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಮೆಲ್ಲಗೆ ಅಂದರು: "ನಮ್ಮ ಅಕ್ಷರ. ಎಷ್ಟು ಉಂಡುಂಡೆ ಇದೆ! ನಂಗೆ ಓದಕ್ಕೆ ಬರಾದಿಲ್ಲ ತಂಬಿ. ತಮಿಳು ಮಾತ್ರ. ನೀವೇ ಓದಿ."

ಓದಿದೆ. ಕೊನೆಯ ಸಾಲು ಬಂದಾಗ ತಡೆದರು. "ಜವಾಬ್ದಾರಿ ಅಂದ್ರೆ?"

ನನಗೆ ಆ ಕ್ಷಣಕ್ಕೆ ತಮಿಳು ಶಬ್ದ ಹೊಳೆಯಲಿಲ್ಲ. "ಅಂದ್ರೆ... ನಾನಿದ್ದೀನಿ ಅಂತ," ಎಂದೆ.

"ಓ," ಎಂದು ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಕಣ್ಣಿಗೊತ್ತಿಕೊಂಡು, ಅಂಗಿಯ ಜೇಬಿನಲ್ಲಿಟ್ಟರು. ಕುಲುಮೆ ಹೊತ್ತಿಸಿದರು.

ಅವರು ತಟ್ಟುವುದನ್ನು ನೋಡುವುದೇ ಒಂದು ಸುಖ. ಬಲಗೈಯ ಮೊಣಕೈ ಮೈಗೆ ಅಂಟಿಕೊಂಡೇ ಇರುತ್ತಿತ್ತು, ಮಣಿಕಟ್ಟಿನಿಂದ ಕೆಳಗೆ ಮಾತ್ರ ಆಟ. ಎರಡು ಪಟ್ಟೆ ತೆಗೆದು ಪಕ್ಕಕ್ಕಿಟ್ಟರು. ಉಳಿದವನ್ನು ಕಾಯಿಸಿ, ಬಾಗು ಇಳಿಯುವಂತೆ ತಟ್ಟಿ, ಎಣ್ಣೆಯಲ್ಲಿ ಅದ್ದಿ ಹದ ಮಾಡಿ ಕೂಡಿಸಿದರು. ಪ್ರತಿ ಪಟ್ಟೆಯನ್ನೂ ಸ್ಪ್ಯಾನರಿನಿಂದ ಒಂದು ಸಲ ಮುಟ್ಟಿ ಸದ್ದು ಕೇಳಿಸಿಕೊಂಡರು. ಮಾಡಬಾರದೆಂದ ಕೆಲಸವನ್ನೂ ಅವರು ಕೆಡಿಸಿ ಮಾಡಲಿಲ್ಲ. ಮೂರು ಇಂಚು ಎಂದರೆ ಸರಿಯಾಗಿ ಮೂರು ಇಂಚು.

ಮೇಸ್ತ್ರಿಯವರನ್ನೂ ಕೂರಿಸಿಕೊಂಡು ನಮ್ಮ ಅಂಗಳಕ್ಕೆ ಬಂದು ಟ್ರೇಲರ್ ಸಿಕ್ಕಿಸಿ, ಎರಡು ಬ್ಯಾರಲ್ ಡೀಸೆಲ್ ಹತ್ತಿಸಿದೆವು. ಪಿಕಪ್ಪಿನ ಹಿಂಭಾಗ ಮುದುಕ ಕುರ್ಚಿಗೆ ಕೂತಂತೆ ಕುಸಿದು ಕೂತಿತು. ಈಗ ಟ್ರೇಲರ್ ಮೂತಿ ನೆಲಕ್ಕೆ ಬಗ್ಗಿತ್ತು. ನನ್ನ ಲೆಕ್ಕದಲ್ಲಿ ಟ್ರೇಲರಿನ ಮೂತಿಯ ತೂಕವಿರಲಿಲ್ಲ, ಬ್ಯಾರಲ್‌ಗಳಿರಲಿಲ್ಲ. ನಾನು ಗೆರೆ ಎಳೆದದ್ದು ಖಾಲಿ ಗಾಡಿಗೆ. ತೆಗೆದುಹಾಕಿದ ಎರಡು ಪಟ್ಟೆಗಳ ಬಲವೂ ಈಗ ಇರಲಿಲ್ಲ. ಮೇಸ್ತ್ರಿ ಕೆಳಗೆ ಬಗ್ಗಿ ಕೈ ಹಾಕಿದರು.

"ಎರಡು ಬೆರಳು ಕೂಡ ಹೋಗ್ತಿಲ್ಲ ತಂಬಿ."

ಡ್ರೈವರು ಅಂಗಳದಲ್ಲೇ ಒಂದು ಸುತ್ತು ಹಾಕಿ ಬಂದು, ಸ್ಟೀರಿಂಗ್ ತೀರ ಹಗುರವಾಗಿ ತಿರುಗುತ್ತಿದೆ, ಮುಂದಿನ ಚಕ್ರ ನೆಲದ ಮೇಲೆ ಇದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂದ. ಅವಿನಾಶಿಯಿಂದ ಮೂರನೆಯ ಫೋನು ಬಂತು. "ನಿಧಾನಕ್ಕೆ ಹೋದರಾಯಿತು," ಎಂದೆ. ಮೇಸ್ತ್ರಿ ಚಪ್ಪಲಿ ಕಳಚಿ ಹಿಂದೆ ಹತ್ತಿದರು.

"ನೀವು ಯಾಕೆ ಮೇಸ್ತ್ರಿ, ಬೇಡ."

"ನಾನ್ ತಟ್ಟಿದ ವಂಡಿ. ನಾನ್ ಬರ್ದೆ ಯಾರ್ ಬರ್ತಾರೆ?"

ನಾನು ಡ್ರೈವರಿನ ಪಕ್ಕದಲ್ಲಿ ಕೂತೆ. ಅನ್ನೂರು ದಾಟಿದ ಮೇಲೆ ರಸ್ತೆ ಸ್ವಲ್ಪ ಇಳಿಜಾರು. ಅದರ ಬುಡದಲ್ಲಿ ಸಣ್ಣ ಸೇತುವೆ, ಸೇತುವೆ ಶುರುವಾಗುವಲ್ಲಿ ಒಂದು ಉಬ್ಬು. ಅದು ದೊಡ್ಡ ಉಬ್ಬೇನಲ್ಲ. ಆಮೇಲೆ ಎಷ್ಟೋ ಸಲ ಹೋಗಿ ನೋಡಿದ್ದೇನೆ, ಸೈಕಲ್ಲಿನವರು ಬೆಲ್ಲು ಹೊಡೆಯುತ್ತಲೇ ದಾಟುತ್ತಾರೆ. ನಮ್ಮ ಹಿಂದಿನ ಚಕ್ರ ಅದನ್ನು ಹತ್ತಿದಾಗ ಅಚ್ಚು ರಬ್ಬರ್ ಗಟ್ಟಿಗೆ ಬಡಿದ ಸದ್ದು ನನ್ನ ಬೆನ್ನುಹುರಿಯಲ್ಲಿ ಕೇಳಿಸಿತು. ಪಿಕಪ್ಪಿನ ಬಾಲ ಎಗರಿತು. ಟ್ರೇಲರ್ ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು, ಮತ್ತೆ ಎಡಕ್ಕೆ, ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗಿ. ಡ್ರೈವರು ಸ್ಟೀರಿಂಗ್ ತಿರುಗಿಸುತ್ತಿದ್ದಾನೆ, ಗಾಡಿ ತಿರುಗುತ್ತಿಲ್ಲ. ತಲೆಯ ಮೇಲೆ ತಗಡು ಬಡಿಯುವ ಸದ್ದು. "ಬ್ರೇಕ್ ಮಿದಿಕ್ಕಾದೆ!" ಟ್ರೇಲರ್ ಬೀಸುವಾಗ ಬ್ರೇಕ್ ಹಿಡಿದರೆ ಅದು ಮುಂದಿನ ಗಾಡಿಯನ್ನು ತಳ್ಳಿ ಅಡ್ಡ ತಿರುಗಿಸುತ್ತದೆ. ಡ್ರೈವರಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಯಾವ ಕಾಲು ತಾನೇ ಸುಮ್ಮನಿರುತ್ತದೆ? ನನ್ನ ಕಾಲೂ ಒತ್ತಿತ್ತು.

ಎದುರಿನಿಂದ ಮೊಪೆಡ್ಡಿನಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ಹಿಂದೆ ನೂಲಿನ ಕೋನುಗಳ ಚೀಲ. ಟ್ರೇಲರಿನ ಬಾಲ ಅವಳತ್ತ ಬೀಸುವುದನ್ನು ನಾನು ಡ್ರೈವರಿನ ಬದಿಯ ಕನ್ನಡಿಯಲ್ಲಿ ನೋಡಿದೆ. ಅವಳು ಮೊಪೆಡ್ಡಿನ ಸಮೇತ ಜಾಲಿ ಪೊದೆಗೆ ಇಳಿದಳು. ಒಂದು ತೋಳಿನಷ್ಟು ಅಂತರ. ಕನ್ನಡಿಯಲ್ಲಿ ಬಿಳಿಯ ಕೋನುಗಳು ರಸ್ತೆಯ ತುಂಬ ಉರುಳುತ್ತಿದ್ದವು. ಅಷ್ಟರಲ್ಲಿ ಜನರೇಟರ್ ಮಗುಚಿತು. ಪಿಕಪ್ ಅಡ್ಡ ತಿರುಗಿ ಒಂದು ಹುಣಸೆ ಮರಕ್ಕೆ ಪಕ್ಕೆ ಒರೆಸಿಕೊಂಡು ನಿಂತಿತು. ಮರದ ಕೆಳಗೆ ಟೀ ಅಂಗಡಿಯ ಬೆಂಚು ಎರಡು ತುಂಡಾಗಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಅಂಗಡಿಯವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: ಈಗ ಎದ್ದು ಹೋದರು, ಈಗ ತಾನೇ ಎದ್ದು ಹೋದರು.

ನನಗೆ ಒಂದು ಗೀರೂ ಆಗಲಿಲ್ಲ. ಆ ಹೆಂಗಸಿಗೆ ಮೈತುಂಬ ಮುಳ್ಳು. ಮೇಸ್ತ್ರಿ ಬ್ಯಾರಲ್ಲಿಗೂ ಪಕ್ಕದ ತಗಡಿಗೂ ನಡುವೆ ಸಿಕ್ಕಿದ್ದರು. ಬಲಗೈಯ ಮೊಣಕೈ ಪುಡಿಯಾಗಿತ್ತು. ಅವರನ್ನು ಬಿಡಿಸಿ ಕೆಳಗೆ ಕೂರಿಸಿದಾಗ ಅವರು ಮೊದಲು ಕೇಳಿದ್ದು, "ಆ ಅಮ್ಮ?" ಎರಡನೆಯದು, "ಎಷ್ಟು ಬೆರಳು?" ಯಾಕೆ ಕೇಳಿದರೋ. ಗಾಡಿ ಅಡ್ಡ ತಿರುಗಿ ಮರಕ್ಕೆ ಒರಗಿತ್ತು.

ವಾರದ ಮೇಲೆ ಮಾಲೀಕರು ಎಲ್ಲರನ್ನೂ ಕಚೇರಿಗೆ ಕರೆಸಿದರು. ಡ್ರೈವರು, ನಾನು, ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ಮೇಸ್ತ್ರಿ. ಮಾಲೀಕರು ಕೂಗಾಡುವವರಲ್ಲ. ನನ್ನ ಕಡೆ ನೋಡಿ ತಮಿಳಿನಲ್ಲಿ ಕೇಳಿದರು: ಗಾಡಿಯನ್ನು ಇಷ್ಟು ತಗ್ಗಿಸಿದ್ದು ಯಾರು?

ಗೆರೆ ಎಳೆದ ಕಾಗದ ಅವರಿಗೆ ಮರೆತೇಹೋಗಿತ್ತೋ, ನನ್ನ ಬಾಯಿಂದ ಕೇಳಬೇಕೆಂದಿದ್ದರೋ ತಿಳಿಯದು. ನಾನು ಮೇಸ್ತ್ರಿಯವರ ಹೆಸರು ಹೇಳಿದೆ. ಅಷ್ಟೇ ಹೇಳಿದೆ. ಹೇಳಿದ್ದು ಸುಳ್ಳಲ್ಲ. ಸುತ್ತಿಗೆ ಹಿಡಿದವರು ಅವರೇ.

ಅವರು ಅದೇ ಅಂಗಿ ತೊಟ್ಟಿದ್ದರು, ಒಗೆದು ಇಸ್ತ್ರಿ ಮಾಡಿದ್ದು. ಜೇಬಿನಲ್ಲಿ ಮಡಿಕೆಯ ಕಾಗದದ ಅಂಚು ಕಾಣುತ್ತಿತ್ತು. ಒಗೆಯುವಾಗ ತೆಗೆದಿಟ್ಟು ಮತ್ತೆ ಇಟ್ಟುಕೊಂಡು ಬಂದಿದ್ದರು ಎಂದಾಯಿತು. ಅವರ ಎಡಗೈ ಮೇಲೆದ್ದು ಜೇಬಿನ ಹತ್ತಿರ ಹೋಯಿತು. ಕಚೇರಿಯಲ್ಲಿ ಕನ್ನಡ ಓದಬಲ್ಲವರು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವರು ಅದನ್ನು ತೆಗೆದು ನನ್ನ ಕೈಗೇ ಕೊಟ್ಟು 'ಓದಿ' ಎಂದಿದ್ದರೆ ಸಾಕಿತ್ತು. ಆ ಕೈ ಜೇಬಿನ ಪಕ್ಕದ ಗುಂಡಿಯೊಂದನ್ನು ಸರಿಮಾಡಿ ಕೆಳಗಿಳಿಯಿತು.

"ಆಮಾ," ಎಂದರು ಮಾಲೀಕರಿಗೆ. "ನಾನ್‌ದಾನ್." ಹೌದು, ನಾನೇ.

ಡ್ರೈವರು ನನ್ನನ್ನು ಒಂದು ಸಲ ನೋಡಿ ನೆಲ ನೋಡಿದ. ಮಾಲೀಕರು ಆಸ್ಪತ್ರೆಯ ಖರ್ಚು ಕೊಟ್ಟರು. ಅದರ ಜೊತೆಗೆ, ಇವರ ಬಳಿ ಯಾರೂ ಗಾಡಿ ಬಿಡಬೇಡಿ ಎಂದು ತಮಗೆ ಪರಿಚಯವಿದ್ದ ಎಲ್ಲ ಬಾಡಿಗೆ ಗಾಡಿಯವರಿಗೂ ಹೇಳಿದರು. ಖಾಲಿ ಗಾಡಿ ಮುಟ್ಟದ ಮನುಷ್ಯ ಗಾಡಿ ಮಗುಚಿಸಿದವರೆಂದು ಹೆಸರಾದರು.

ಮೂರು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ವಾಪಸ್ಸು ಬಂದಿದ್ದೇನೆ. ನಾಲ್ಕನೆಯ ಸಲ ಟೀ ಅಂಗಡಿಯವನೊಬ್ಬ ಗುರುತು ಹಿಡಿದು, "ಮೇಸ್ತ್ರಿ ಮನೆಯಲ್ಲೇ ಇದ್ದಾರೆ" ಎಂದುಬಿಟ್ಟ. ಕುಲುಮೆಯಲ್ಲಿ ಬೂದಿಯೂ ಇರಲಿಲ್ಲ. ಅವರು ಗುಂಡಿಯ ಅಂಚಿನಲ್ಲಿ, ಅವರ ಅಪ್ಪ ಕೂರುತ್ತಿದ್ದ ಸವೆದ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕುಳಿತು, ಎಡಗೈಯಿಂದ ಹಳೆಯ ನಟ್ಟುಗಳನ್ನು ಅಳತೆಗೆ ತಕ್ಕಂತೆ ಡಬ್ಬಿಗಳಿಗೆ ಹಾಕುತ್ತಿದ್ದರು. ಬಲಗೈ ಮಡಿಲಲ್ಲಿತ್ತು, ಬೇರೆ ಯಾರದೋ ವಸ್ತುವಿನಂತೆ.

"ಬನ್ನಿ ತಂಬಿ. ಇಳಚ್ಚು ಹೋಗಿದ್ದೀರಿ, ಸಣ್ಣ ಆಗ್ಬಿಟ್ಟಿದ್ದೀರಿ. ಊಟ ಮಾಡ್ತೀರಾ ಸರ್ಯಾಗಿ?"

ಹ್ಞೂಂ ಎಂದು ಗುಂಡಿಯ ಎದುರು ಅಂಚಿನಲ್ಲಿ ಕೂತೆ. ಅವರೇ ಕೇಳಿದರು: "ಟ್ರೇಲರ್ ಏನಾಯ್ತು? ಕೊಕ್ಕೆ ತಗ್ಸಿದ್ರಾ?"

"ತಗ್ಗಿಸಿದ್ವಿ. ಪಟ್ಟೆಗಳನ್ನ ಮೊದಲಿನಂಗೆ ಹಾಕಿಸಿ, ಭಾರ ಹೊರಿಸಿ ಅಳೆದ್ವಿ."

"ಎಷ್ಟು ಬಂತು?"

"ಕೊಕ್ಕೆ ಒಂದೂವರೆ ಇಂಚು ತಗ್ಗಿಸಿದ್ರೆ ಸಾಕಾಯ್ತು."

"ಅಷ್ಟೇನಾ!" ಎಂದು ಅವರು ನಿಜವಾಗಿಯೂ ನಕ್ಕರು. ಬಿಡಿಸಲಾಗದ ಲೆಕ್ಕದ ಉತ್ತರ ಸಿಕ್ಕಿದವರಂತೆ ಖುಷಿಯಾಗಿದ್ದರು. "ನಾನು ಮನಸ್ಸಲ್ಲೇ ಎರಡು ಅಂದ್ಕೊಂಡಿದ್ದೆ. ಅರ್ಧ ಇಂಚು ನಂದೂ ತಪ್ಪು."

ಬೈದಿದ್ದರೆ ನಾನು ಅವರ ಕಾಲು ಹಿಡಿಯುತ್ತಿದ್ದೆನೇನೋ. ಆ ಅರ್ಧ ಇಂಚಿನ ತಪ್ಪನ್ನು ಅವರು ಒಪ್ಪಿಕೊಂಡ ಮೇಲೆ ನನ್ನ ಮೂರು ಇಂಚನ್ನು ಎತ್ತಿ ಆಡಲು ಬಾಯಿ ಬರಲಿಲ್ಲ. ಕಾಫಿ ಕುಡಿದು ಎದ್ದೆ. ಮತ್ತೆ ಬರುತ್ತೇನೆ ಎಂದೆ. ಕೆಲವು ತಿಂಗಳಿಗೆ ಬೇರೆ ಕೆಲಸ ಸಿಕ್ಕಿತು, ತಿರುಪ್ಪೂರಿಗೆ ಮನೆ ಬದಲಿಸಿದೆ. ಎರಡೂ ಊರುಗಳ ನಡುವೆ ಹೆಚ್ಚೆಂದರೆ ಎರಡು ಗಂಟೆಯ ದಾರಿ. ನಾನು ಹೋಗಲಿಲ್ಲ.

ಕಳೆದ ತಿಂಗಳು ಅವರ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಅವರ ಮಗಳು. ಎದೆನೋವು ಬಂತಂತೆ, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿಯಿತಂತೆ. ಹದಿನಾರು ದಿನ ಕಳೆದಿತ್ತು. "ಅಪ್ಪನ ಸಾಮಾನಲ್ಲಿ ನಿಮ್ದು ಒಂದು ಇದೆಯಂತೆ ಅಣ್ಣಾ. ಬಂದು ತಗೊಂಡು ಹೋಗ್ತೀರಾ? ಅಮ್ಮ ಕೇಳ್ತಾ ಇದೆ."

ಹೋದೆ. ಮುಂಭಾಗದ ತಗಡು ಹಾಗೆಯೇ ಇತ್ತು. ಗುಂಡಿಯ ಮೇಲೆ ಹಲಗೆ ಮುಚ್ಚಿದ್ದರು. ಒಳಗೆ ಗೋಡೆಯಲ್ಲಿ ಮನೆದೇವರ ಪಟ. ಮಗಳು ಸ್ಟೂಲ್ ಹತ್ತಿ, ಪಟದ ಚೌಕಟ್ಟಿನ ಸಂದಿಯಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದಳು. ಅದರ ಮೂಲೆಗಳಿಗೆ ಅರಿಶಿನ ಹಚ್ಚಿತ್ತು, ನಡುವೆ ಕುಂಕುಮ.

"ನಮ್ಮ ಅಕ್ಷರ ಅಂತ ನಾನೇ ಇಟ್ಟೆ," ಎಂದರು ಮೇಸ್ತ್ರಿಯವರ ಹೆಂಡತಿ. "ನಮ್ಮ ಮನೇಲಿ ಬೇರೆ ಯಾವ್ದೂ ಇಲ್ವಲ್ಲ ಈ ಅಕ್ಷರದಲ್ಲಿ. ಸ್ತೋತ್ರ ಅಂದ್ಕೊಂಡೆ. ಅವ್ರನ್ನ ಕೇಳಿದ್ರೆ, ಸ್ತೋತ್ರ ಅಲ್ಲ ಕಣೆ, ಅದು ಆ ತಂಬಿದು, ಬಂದ್ರೆ ಕೊಡ್ಬೇಕು ಅಂತಿದ್ರು. ಹಂಗಾದ್ರೆ ಆಚೆ ತೆಗೀಲಾ ಅಂದ್ರೆ, ಇರ್ಲಿ ಬಿಡು ಅಂದ್ರು."

ಮಗಳು ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಅವಳು ಬನಿಯನ್ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ತಮಿಳು, ಇಂಗ್ಲಿಷ್ ಎರಡನ್ನೂ ಸರಾಗವಾಗಿ ಓದುತ್ತಾಳೆ. ಇದನ್ನು ಮಾತ್ರ ಓದಲಾರಳು. ಮಡಚಿ ಜೇಬಿಗಿಟ್ಟುಕೊಂಡು ಹೊರಟರೆ ಮುಗಿದುಹೋಗುತ್ತಿತ್ತು. ಲೋಕದಲ್ಲಿ ಆ ಮಾತು ಇರುವುದು ಅದೊಂದೇ ಕಡೆ. ನಿಜ ಹೇಳುತ್ತೇನೆ, ನನ್ನ ಬೆರಳುಗಳು ಅದನ್ನು ಇನ್ನೊಂದು ಮಡಿಕೆ ಮಡಚಿದ್ದವು.

"ಏನ್ ಬರ್ದಿದೆ ಅಣ್ಣಾ?" ಎಂದಳು ಅವಳು. "ಅಷ್ಟು ದಿನ ದೇವರ ಹತ್ರ ಇತ್ತು. ಓದಿ ಹೇಳಿ."

ತಾಯಿ ಸೆರಗು ಹೊದ್ದು, ಕೈ ಜೋಡಿಸದಿದ್ದರೂ ಜೋಡಿಸಿದವರಂತೆ ಗೋಡೆಗೆ ಒರಗಿ ನಿಂತರು. ನಾನು ಹಾಳೆ ಬಿಡಿಸಿದೆ. ನನ್ನದೇ ಅಕ್ಷರ, ದುಂಡಗೆ, ಒಂದಕ್ಕೊಂದು ತಾಗದೆ. ಕುಂಕುಮ ಸಹಿಯ ಮೇಲೆ ಬಿದ್ದಿತ್ತು.

"ಮೇಸ್ತ್ರಿಯವರಿಗೆ," ಎಂದು ಓದಿದೆ. "ಪಿಕಪ್ಪಿನ ಹಿಂಭಾಗವನ್ನು ಮೂರು ಇಂಚು ತಗ್ಗಿಸಿ ಕೊಡಿ. ಭಾರ ಹೊರಿಸಿ ನೋಡಬೇಕೆಂದು ನೀವು ಹೇಳಿದ್ದೀರಿ. ಬೇಡವೆಂದವನು ನಾನು. ಏನಾದರೂ ಆದರೆ ಜವಾಬ್ದಾರಿ ನನ್ನದು."

ಅವಳು ಮೊದಲ ಸಾಲುಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಕೊನೆಯದಕ್ಕೆ ಬಂದು ನಿಂತಳು.

"ಜವಾಬ್ದಾರಿ ಅಂದ್ರೆ?"

ಈ ಸಲ ಶಬ್ದ ಗೊತ್ತಿತ್ತು. "ಪೊರುಪ್ಪು," ಎಂದೆ.

"ಯಾರ ಪೊರುಪ್ಪು?"

ಅವಳ ತಾಯಿ ಗೋಡೆ ಬಿಟ್ಟು ನೇರವಾಗಿ ನಿಂತರು.

"ನಂದು," ಎಂದೆ. "ನಿಮ್ಮ ಅಪ್ಪಂದಲ್ಲ. ನಂದು."